ಅಮೆರಿಕದಲ್ಲಿ ಆದ ಡಿವೋರ್ಸಿನ ಕಾಗದ ಹುಡುಕುವುದು: ಕೌಂಟಿ ಕೋರ್ಟಿನ ದಾರಿ

ಅಮೆರಿಕದಲ್ಲಿರುವ ನನಗೆ ಹಾಸನದಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳು ಎರಡು ವರ್ಷದಿಂದ ತವರಿನಲ್ಲೇ ಇದ್ದಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿ. ಅಳಿಯನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂದಿತ್ತು, ಜೊತೆಗೆ ಒಂದೇ ಸಾಲು: 'ಡಿವೋರ್ಸ್ ಆಗಿದೆ.' "ಕೋರ್ಟಿನ ಸೀಲು ಬಿದ್ಬಿಟ್ಟಿದೆಯಲ್ಲಪ್ಪ, ಇನ್ನೇನು ಉಳೀತು?" ಅಂದರು. ಫೋಟೋ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಬಲಗಡೆ ಮೇಲಿನ ಚೌಕದಲ್ಲಿ ಸೀಲು ಇದ್ದದ್ದು ನಿಜ. ಆದರೆ ಅದೇ ಮೂಲೆಯಲ್ಲಿ ಫಾರಂ ಸಂಖ್ಯೆಯೂ ಇತ್ತು: ಎಫ್‌ಎಲ್-100. ಅದು ಡಿವೋರ್ಸ್ ಕೇಳಿ ಹಾಕುವ ಅರ್ಜಿ. ಆ ಸೀಲಿಗೆ ನಮ್ಮ ಕಚೇರಿಗಳ ಟಪಾಲು ವಿಭಾಗದ ಸೀಲಿಗಿಂತ ಹೆಚ್ಚಿನ ಅರ್ಥವಿಲ್ಲ. ಅರ್ಜಿ ಬಂದು ತಲುಪಿತು, ಇಂಥ ದಿನ, ಅಷ್ಟೇ. ತೀರ್ಪಿನ ಫಾರಂ ಬೇರೆಯೇ ಇದೆ, ಅದು ಎಫ್‌ಎಲ್-180.

ಇಂಥ ಫೋನು ನನಗೆ ಬಂದದ್ದು ಅದೊಂದೇ ಅಲ್ಲ. ಮರುಮದುವೆಗೆ ಹೊರಟವರು, ಹೊಸ ಸಂಗಾತಿಯ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರು, ಪಾಸ್‌ಪೋರ್ಟಿನಿಂದ ಗಂಡನ ಹೆಸರು ತೆಗೆಸಬೇಕಾದವರು, ಹತ್ತು ವರ್ಷ ಸಂಸಾರ ಮಾಡಿ ಬೇರೆಯಾಗಿ ಈಗ ಮಾಜಿ ಸಂಗಾತಿಯ ಲೆಕ್ಕದಲ್ಲಿ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಕೇಳುವವರು, ಎಲ್ಲರಿಗೂ ಒಂದಲ್ಲ ಒಂದು ದಿನ ಈ ಕಾಗದ ಬೇಕಾಗುತ್ತದೆ. ಎಲ್ಲರೂ ಮೊದಲು ಹೋಗುವುದು ತಪ್ಪು ಬಾಗಿಲಿಗೆ.

ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಡಿವೋರ್ಸ್ ದಫ್ತರ ಎಂಬುದಿಲ್ಲ. ಕಾನೂನು ರಾಜ್ಯದ್ದು, ಕಡತ ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ್ದು. ಪಹಣಿ ಬೇಕಾದರೆ ಜಮೀನಿರುವ ತಾಲ್ಲೂಕು ಕಚೇರಿಗೇ ಹೋಗಬೇಕಿದ್ದ ಕಾಲವನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಪದ್ಧತಿ. ಮದುವೆ ಎಲ್ಲಿ ಆಯಿತು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಧರ್ಮಸ್ಥಳದಲ್ಲಿ ತಾಳಿ ಕಟ್ಟಿದ್ದರೂ ಕೇಸು ಯಾವ ಕೌಂಟಿಯಲ್ಲಿ ದಾಖಲಾಯಿತೋ ಕಾಗದ ಅಲ್ಲೇ ಇರುತ್ತದೆ. ಯಾವ ಕೌಂಟಿ ಎಂದು ಗೊತ್ತಿಲ್ಲದಿದ್ದರೆ ವಾಸದ ನಿಯಮವೇ ಸುಳಿವು ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಬೇಕಾದರೆ ಗಂಡಹೆಂಡಿರಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ಇದ್ದಿರಬೇಕು. ಟೆಕ್ಸಸ್‌ನಲ್ಲಿ 6 ತಿಂಗಳು ಮತ್ತು 90 ದಿನ. ಹಾಗಾಗಿ ಆ ವರ್ಷ ಅವರ ಮನೆ ಎಲ್ಲಿತ್ತು ಎಂದು ಮೊದಲು ನೆನಪು ಮಾಡಿಕೊಳ್ಳಿ. ಊರಿನ ಹೆಸರನ್ನು ನಂಬಬೇಡಿ. ಸ್ಯಾನ್ ಹೋಸೆ ಸಾಂಟಾ ಕ್ಲಾರಾ ಕೌಂಟಿಯಲ್ಲಿದೆ, ಪಕ್ಕದ ಫ್ರೀಮಾಂಟ್ ಅಲಮೀಡಾ ಕೌಂಟಿ, ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾ. ಟೆಕ್ಸಸ್‌ನ ಫ್ರಿಸ್ಕೋ ಊರು ಕಾಲಿನ್, ಡೆಂಟನ್ ಎರಡರಲ್ಲೂ ಹರಡಿಕೊಂಡಿದೆ.

ಕೋರ್ಟಿನ ಹೆಸರೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಿಗೂ ಒಂದೊಂದು ಸುಪೀರಿಯರ್ ಕೋರ್ಟ್ ಇದೆ. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ಮದುವೆಯ ಲೈಸೆನ್ಸು ಕೌಂಟಿ ಕ್ಲರ್ಕ್ ಹತ್ತಿರ, ಡಿವೋರ್ಸಿನ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಇದು ಗೊತ್ತಿಲ್ಲದೆ ಅರ್ಧ ದಿನ ಕಳೆದುಕೊಂಡವರು ಬಹಳ ಜನ. ನ್ಯೂಯಾರ್ಕ್‌ನಲ್ಲಿ ಡಿವೋರ್ಸ್ ಕೊಡುವುದು ಸುಪ್ರೀಂ ಕೋರ್ಟ್, ಆದರೆ ಅಲ್ಲಿ ಆ ಹೆಸರಿರುವುದು ವಿಚಾರಣಾ ನ್ಯಾಯಾಲಯಕ್ಕೆ. ಕಾಗದ ಕೌಂಟಿ ಕ್ಲರ್ಕ್ ಬಳಿ ಇರುತ್ತದೆ, ದಂಪತಿ ಮತ್ತು ಅವರ ವಕೀಲರನ್ನು ಬಿಟ್ಟು ಬೇರೆಯವರಿಗೆ ಕೋರ್ಟಿನ ಆದೇಶವಿಲ್ಲದೆ ತೋರಿಸುವುದಿಲ್ಲ. ಕ್ಯಾಲಿಫೋರ್ನಿಯಾ ಹಾಗಲ್ಲ. ಮಕ್ಕಳ ಕಸ್ಟಡಿ ವರದಿ, ತೆರಿಗೆ ಪತ್ರಗಳಂಥ ಕೆಲವನ್ನು ಬಿಟ್ಟರೆ ಕಡತ ಸಾರ್ವಜನಿಕ. ಊರಲ್ಲಿರುವ ಹೆಣ್ಣುಮಗಳ ಪರವಾಗಿ ಇಲ್ಲಿನ ಚಿಕ್ಕಪ್ಪನೋ ಗೆಳತಿಯೋ ಹೋಗಿ ಕೇಳಬಹುದು.

ಕೌಂಟಿ ಗೊತ್ತಾದ ಮೇಲೆ ಕೋರ್ಟಿನ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬೇಕು. ನಮ್ಮವರಿಗೆ ಕಷ್ಟ ಶುರುವಾಗುವುದೇ ಇಲ್ಲಿ. ಊರಲ್ಲಿ ನಾವು ಎಚ್.ಎಸ್. ರಮೇಶ. ಇಲ್ಲಿ ಆ ಎಚ್ ಬಿಡಿಸಿಕೊಂಡು ಹೊಳೆನರಸೀಪುರವೇ ಸರ್‌ನೇಮ್ ಆಗಿ ಕೂತಿರಬಹುದು, ಅಪ್ಪನ ಹೆಸರು ಸರ್‌ನೇಮ್ ಆಗಿರಬಹುದು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ತಿಳಿದಿಲ್ಲ) ಅಂತ ಬಿದ್ದು ಅದೇ ಮೊದಲ ಹೆಸರಾಗಿ ದಾಖಲಾಗಿರಬಹುದು. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕಿಯೂ ಬರೆಯುತ್ತಾರೆ, ಯು ಹಾಕಿಯೂ ಬರೆಯುತ್ತಾರೆ. ಲಕ್ಷ್ಮಿಗೆ ಕೆಎಸ್‌ಎಚ್ ಒಂದು, ಎಕ್ಸ್ ಇನ್ನೊಂದು. ಒಂದು ಸಲ ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ. ಹಿಂದುಮುಂದು ಮಾಡಿ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ನೋಡಿ. ವರ್ಷ ಕೇಳಿದರೆ ಅರ್ಜಿ ಹಾಕಿದ ವರ್ಷ ಕೊಡಿ. ತೀರ್ಪು ಅದರ ಮುಂದಿನ ವರ್ಷವೋ ಇನ್ನೂ ಆಚೆಗೋ ಇರಬಹುದು, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಎದುರು ಪಕ್ಷಕ್ಕೆ ಕಾಗದ ಜಾರಿಯಾಗಿ, ಅಂದರೆ ಕ್ರಮಬದ್ಧವಾಗಿ ತಲುಪಿ, ಆರು ತಿಂಗಳು ಕಳೆಯದೆ ಮದುವೆ ಮುಗಿಯುವಂತಿಲ್ಲ.

ಕೇಸು ಸಿಕ್ಕಿದರೂ ಕಾಗದ ತೆರೆಯಲಿಲ್ಲವೆಂದು ಗಾಬರಿ ಬೇಡ. ಕ್ಯಾಲಿಫೋರ್ನಿಯಾದ ಕೋರ್ಟ್ ನಿಯಮವೇ ಹಾಗಿದೆ: ಕೌಟುಂಬಿಕ ಕೇಸಿನ ಕಾಗದಗಳನ್ನು ಹೊರಗಿನವರು ಮನೆಯಲ್ಲಿ ಕೂತು ನೋಡುವಂತಿಲ್ಲ, ಕೋರ್ಟಿಗೇ ಹೋಗಿ ನೋಡಬೇಕು. ಕೇಸ್ ನಂಬರು ಬರೆದುಕೊಳ್ಳಿ, ಅದಿದ್ದರೆ ಅರ್ಧ ಕೆಲಸ ಮುಗಿದಂತೆ. ದುಡ್ಡು ಕೇಳುವ ಖಾಸಗಿ ವೆಬ್‌ಸೈಟುಗಳ ತಂಟೆಗೆ ಹೋಗಬೇಡಿ. ಅವರು ಕೊಡುವ ಪ್ರಿಂಟಿಗೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ರಾಜ್ಯದ ಆರೋಗ್ಯ ಇಲಾಖೆಗೆ ಬರೆದರೂ ತೀರ್ಪು ಸಿಗುವುದಿಲ್ಲ: ಕ್ಯಾಲಿಫೋರ್ನಿಯಾದ ಇಲಾಖೆ 1962ರಿಂದ 1984ರ ಜೂನ್‌ವರೆಗಿನ ಡಿವೋರ್ಸುಗಳಿಗೆ ಮಾತ್ರ ಒಂದು ದಾಖಲೆ ಪತ್ರ ಕೊಡುತ್ತದೆ, ಟೆಕ್ಸಸ್ 1968ರಿಂದೀಚಿನವಕ್ಕೆ ದೃಢೀಕರಣ ಪತ್ರ ಕೊಡುತ್ತದೆ.

ಸಾಂಟಾ ಕ್ಲಾರಾ ಕೌಂಟಿಯ ಫ್ಯಾಮಿಲಿ ಕೋರ್ಟು ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿದೆ. ಆ ತಾಯಿಯ ಕೆಲಸಕ್ಕೆ ನಾನು ಹೋದದ್ದು ಅಲ್ಲಿಗೆ. ಕೌಂಟರಿನಲ್ಲಿ ಮೊದಲು 'ರಿಜಿಸ್ಟರ್ ಆಫ್ ಆಕ್ಷನ್ಸ್' ಕೇಳಿ. ಕೇಸಿನಲ್ಲಿ ಯಾವ ದಿನ ಏನು ದಾಖಲಾಯಿತು ಎಂಬ ದಿನಚರಿ ಅದು. ನಮ್ಮ ಕೇಸಿನಲ್ಲಿ ಅರ್ಜಿ, ಸಮನ್ಸ್, ಎರಡೇ ಸಾಲು. ತೀರ್ಪಿಲ್ಲ, ಮಗಳಿಗೆ ಸಮನ್ಸ್ ಜಾರಿಯಾದ ದಾಖಲೆಯೂ ಇಲ್ಲ. ಅಲ್ಲೇ ನಿಂತು ಹಾಸನಕ್ಕೆ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ. "ಅಮ್ಮ, ಡಿವೋರ್ಸ್ ಆಗಿಲ್ಲ" ಅಂದೆ. ಆ ಕಡೆ ತುಂಬ ಹೊತ್ತು ಮಾತೇ ಬರಲಿಲ್ಲ.

ತೀರ್ಪು ಬಂದಿದ್ದರೆ ಕೇಳಬೇಕಾದದ್ದು ಎಫ್‌ಎಲ್-180, ಅದಕ್ಕೆ ಲಗತ್ತಿಸಿದ ಒಪ್ಪಂದದ ಹಾಳೆಗಳ ಸಮೇತ, ಸರ್ಟಿಫೈಡ್ ಕಾಪಿ. ತೀರ್ಪು ದಾಖಲಾಯಿತು ಎಂದು ಅಂಚೆಯಲ್ಲಿ ಬರುವ ಎಫ್‌ಎಲ್-190 ನೋಟಿಸನ್ನೇ ತೀರ್ಪು ಎಂದುಕೊಂಡು ಅದನ್ನೊಂದೇ ಜೋಪಾನ ಮಾಡಿದವರಿದ್ದಾರೆ. ತೀರ್ಪಿನಲ್ಲಿ ಎರಡು ತಾರೀಖು ಇರುತ್ತವೆ, ದಾಖಲಾದದ್ದು ಒಂದು, ಮದುವೆ ಮುಗಿಯುವುದು ಇನ್ನೊಂದು. ಮರುಮದುವೆಗೆ ಲೆಕ್ಕ ಎರಡನೆಯದು. ಕ್ಯಾಲಿಫೋರ್ನಿಯಾದಲ್ಲಿ ಡಿವೋರ್ಸ್ ತೀರ್ಪಿನ ಸರ್ಟಿಫೈಡ್ ಪ್ರತಿಗೆ 15 ಡಾಲರ್, ಸಾದಾ ಪ್ರತಿಗೆ ಪುಟಕ್ಕೆ 50 ಸೆಂಟ್. ದರ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಫೀ ಪಟ್ಟಿ ನೋಡಿಕೊಳ್ಳಿ. ಕೌಂಟರಿನವರು ಕಾನೂನು ಸಲಹೆ ಕೊಡುವುದಿಲ್ಲ. ಅದಕ್ಕೆ ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರ್ ಇದೆ, ಪುಕ್ಕಟೆ.

ಕಾಗದ ಭಾರತದಲ್ಲಿ ನಡೆಯಬೇಕಾದರೆ ಇಷ್ಟು ಸಾಲದು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಇದ್ದದ್ದು ಮಿಸ್ಸೂರಿಯ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟಿನ ಡಿವೋರ್ಸು. ಮದುವೆ ಆಗಿದ್ದು ತಿರುಪತಿಯಲ್ಲಿ. ಪ್ರತಿಯ ಮೇಲೆ ಅಲ್ಲಿನ ಡೆಪ್ಯುಟಿ ಕ್ಲರ್ಕಿನ ದೃಢೀಕರಣವಿತ್ತು, ಆದರೆ ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇರಲಿಲ್ಲ. ಆ ಕಾರಣಕ್ಕೆ ಅದು ಸಾಕ್ಷ್ಯವಾಗಲಿಲ್ಲ. ಅದಕ್ಕಿಂತ ದೊಡ್ಡ ಮಾತನ್ನೂ ಆ ತೀರ್ಪು ಹೇಳಿತು: ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪುವ ಕೋರ್ಟಿನಲ್ಲಿ, ಆ ಕಾನೂನು ಒಪ್ಪುವ ಕಾರಣಕ್ಕೇ ಡಿವೋರ್ಸ್ ಆಗಿರಬೇಕು, ಇಲ್ಲವೇ ಇನ್ನೊಬ್ಬರು ಮನಸ್ಸಾರೆ ಆ ಕೋರ್ಟಿಗೆ ಒಳಪಟ್ಟು ಒಪ್ಪಿರಬೇಕು. ಆದ್ದರಿಂದ ತೀರ್ಪಿನ ಜೊತೆಗೆ ಸಮನ್ಸ್ ಜಾರಿಯಾದ ದಾಖಲೆ ಎಫ್‌ಎಲ್-115, ಎದುರು ಪಕ್ಷದ ಉತ್ತರ ಎಫ್‌ಎಲ್-120 ಇವುಗಳ ಸರ್ಟಿಫೈಡ್ ಪ್ರತಿಯನ್ನೂ ಅದೇ ದಿನ ತೆಗೆದುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಹತ್ತು ವರ್ಷದ ಮೇಲೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ 'ಅವಳಿಗೆ ನೋಟಿಸು ಹೋಗಿತ್ತೇ?' ಎಂದು ಕೇಳಿದಾಗ ಬೇಕಾಗುವುದು ಅವೇ. ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲೆಂದು ಹಾಕಿಸುವ ದೃಢೀಕರಣಕ್ಕೆ ಅಪೊಸ್ಟಿಲ್ ಎನ್ನುತ್ತಾರೆ. ಅದನ್ನು ಕೊಡುವವರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ಕ್ಯಾಲಿಫೋರ್ನಿಯಾದಲ್ಲಿ 20 ಡಾಲರ್. ಅಪೊಸ್ಟಿಲ್ ಸಾಕೋ, ಕಾನ್ಸುಲೇಟಿನ ದೃಢೀಕರಣವೂ ಬೇಕೋ ಎಂದು ಊರಿನ ವಕೀಲರನ್ನು ಕೇಳಿಯೇ ಕಳಿಸಿ.

ಆ ಹುಡುಗಿಗೆ ವಾಟ್ಸಾಪ್ ಫೋಟೋ ಬಿಟ್ಟರೆ ಏನೂ ಜಾರಿಯಾಗಿರಲಿಲ್ಲ. ಭಾರತದಲ್ಲಿರುವವರಿಗೆ ಸಮನ್ಸ್ ತಲುಪಿಸುವ ಅಧಿಕೃತ ದಾರಿ ಹೇಗ್ ಒಪ್ಪಂದದಂತೆ ದೆಹಲಿಯ ಕಾನೂನು ಸಚಿವಾಲಯದ ಮೂಲಕ. ವಿದೇಶಿ ಕೋರ್ಟಿನ ಕಾಗದವನ್ನು ನೇರ ಅಂಚೆಯಲ್ಲಿ ಕಳಿಸುವುದಕ್ಕೂ ಭಾರತ ಆಕ್ಷೇಪ ಹೇಳಿದೆ. ಕ್ರಮಬದ್ಧವಾಗಿ ಜಾರಿಯಾದ ಮೇಲೆ ಉತ್ತರ ಕೊಡಲು 30 ದಿನ. ಉತ್ತರ ಕೊಟ್ಟರೆ ಆ ಕೋರ್ಟಿನ ಅಧಿಕಾರ ಒಪ್ಪಿಕೊಂಡಂತೆ ಆಗಬಹುದು, ಕೊಡದಿದ್ದರೆ ಕೇಸು ಏಕಪಕ್ಷೀಯವಾಗಿ ಮುಗಿಯಬಹುದು. ಅವಳು ಹಾಸನದಲ್ಲೊಬ್ಬರು, ಇಲ್ಲೊಬ್ಬರು ವಕೀಲರನ್ನು ಕೇಳಿಕೊಂಡು, ತನ್ನ ಒಡವೆ ಮತ್ತು ಜೀವನಾಂಶದ ಮಾತು ಸೇರಿಸಿ ಉತ್ತರ ಹಾಕಿದಳು. ತೀರ್ಪು ಬಂದದ್ದು ಒಂದೂವರೆ ವರ್ಷಕ್ಕೆ, ಇಬ್ಬರೂ ಒಪ್ಪಿದ ಷರತ್ತುಗಳೊಂದಿಗೆ. ಅವತ್ತು ನಾನು ಎರಡು ಸರ್ಟಿಫೈಡ್ ಪ್ರತಿ ತಂದೆ. ಒಂದನ್ನು ಅಪೊಸ್ಟಿಲ್ ಮಾಡಿಸಿ ಕೊರಿಯರಿನಲ್ಲಿ ಹಾಸನಕ್ಕೆ ಕಳಿಸಿದೆ. ಇನ್ನೊಂದು ಅವಳ ಹೆಸರಿನ ಲಕೋಟೆಯಲ್ಲಿ ನಮ್ಮ ಮನೆಯ ಬೀರುವಿನಲ್ಲಿದೆ.