ಚೌಕ ಕಣ್ಣಿನ ಚೀಲ: ವಿಜ್ಞಾನಿಗಳ ಜೊತೆ ನಮ್ಮ ಬೋಟಿನ ಅನುಭವ

ಟ್ರಾಲ್ ಬಲೆಯ ತುದಿಯಲ್ಲಿ ಮೀನು ಸೇರುವ ಚೀಲಕ್ಕೆ, ಮರಿ ಮೀನು ತಪ್ಪಿಸಿಕೊಳ್ಳಲಿ ಅಂತ, ಚೌಕ ಕಣ್ಣಿನ ಬಲೆ ಹಾಕಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಅಂತ ಮಲ್ಪೆ ಬಂದರಿನಲ್ಲಿ ನನಗೆ ಹೇಳದವರಿಲ್ಲ. ಈಗ ಮೂರ್ನಾಲ್ಕು ಸೀಸನ್ ಆಯಿತು. ಬೋಟು ಓಡುತ್ತಿದೆ, ಬ್ಯಾಂಕಿನ ಕಂತೂ ಸರಿಯಾಗಿ ಹೋಗುತ್ತಿದೆ. ಕಳೆದ ವರ್ಷ ಪಕ್ಕದ ಇಬ್ಬರು ಮಾಲೀಕರು ತಮ್ಮ ತಾಂಡೇಲರನ್ನು (ಬೋಟು ನಡೆಸುವವರನ್ನು) ಕಳಿಸಿ ನಮ್ಮ ಚೀಲದ ಅಳತೆ ತೆಗೆಸಿಕೊಂಡು ಹೋದರು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಹತ್ತು ಹನ್ನೆರಡು ದಿನಕ್ಕೆ ಹೋಗಿಬರುವ ಟ್ರಾಲ್ ಬೋಟು. ಒಂದು ಟ್ರಿಪ್ಪಿಗೆ ಡೀಸೆಲ್ಲೇ ಐದು ಸಾವಿರ ಲೀಟರ್ ಹತ್ತಿರ ಬೇಕು. ರಾಣಿ ಮೀನು, ಬೊಂಡಾಸ್ (ಸ್ಕ್ವಿಡ್), ಡಿಸ್ಕೋ ಮೀನು, ಪಾಂಬೊಲ್ ಮೀನು ನಮ್ಮ ಮುಖ್ಯ ಮಾಲು. ಉಳಿದದ್ದು, ಅಂದರೆ ಕಸದ ಮೀನು, ಮೀನಿನ ಹುಡಿ ಮಾಡುವ ಫಿಶ್ ಮಿಲ್ಲಿಗೆ. ಆ ಉಳಿದದ್ದೇ ಸಮಸ್ಯೆ. ಬೆರಳುದ್ದದ ರಾಣಿ ಮರಿ ಕೆಜಿಗೆ ಹದಿನೈದೋ ಇಪ್ಪತ್ತೋ ರೂಪಾಯಿಗೆ ಹೋಗುತ್ತದೆ. ಅದೇ ಮರಿ ಬೆಳೆದು ಬಂದರೆ ಅದರ ಐದಾರು ಪಟ್ಟು ಕೊಟ್ಟು ಮೀನಿನ ಮಾಂಸ ಅರೆದು ಸುರಿಮಿ ಮಾಡುವ ಕಂಪನಿಯವರು ಒಯ್ಯುತ್ತಾರೆ. ಇದು ಎಲ್ಲರಿಗೂ ಗೊತ್ತು. ಆದರೂ ಯಾರೂ ಬಲೆ ಬದಲಾಯಿಸುವುದಿಲ್ಲ, ಅಲ್ವಾ?

ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಐಎಫ್‌ಟಿಯವರು ಚೌಕ ಕಣ್ಣಿನ ಚೀಲದ ವಿಷಯ ಹೇಳುತ್ತಾ ಬಂದು ಎಷ್ಟೋ ವರ್ಷ ಆಯಿತು. ಮಾಮೂಲಿ ಬಲೆಯ ಡೈಮಂಡ್ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ. ಇಷ್ಟೇ ಅದರ ಗುಟ್ಟು. ಕೇರಳ ಅದನ್ನು ಕಾನೂನಿಗೇ ತಂದಿದೆ. ಚೀಲದ ಕಣ್ಣು ಮೀನಿನ ಬಲೆಗೆ 35 ಮಿಮೀ, ಸಿಗಡಿ ಬಲೆಗೆ 25 ಮಿಮೀ. ಜೊತೆಗೆ 58 ಜಾತಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನೂ ಗೊತ್ತು ಮಾಡಿದೆ. ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಹೀಗೆ. ನಮ್ಮ ಬೋಟಿಗೆ ವಿಜ್ಞಾನಿಗಳು ಬಂದದ್ದು ಇದನ್ನು ಕರ್ನಾಟಕದ ನೀರಿನಲ್ಲಿ, ನಮ್ಮದೇ ಬಲೆಯಲ್ಲಿ ನೋಡಬೇಕು ಅಂತ. ನಾನು ಒಪ್ಪಿದೆ. ಒಂದೇ ಷರತ್ತು: ತೂಕ ನಾನೇ ಮಾಡಬೇಕು, ನನ್ನದೇ ಕಾಟಾದಲ್ಲಿ.

ಮೊದಲ ಸೀಸನ್ ಪೂರ್ತಿ ಹಾಳು. ಚೀಲದಿಂದ ಎಷ್ಟು ಮರಿ ತಪ್ಪಿಸಿಕೊಂಡಿತು ಅಂತ ಲೆಕ್ಕ ಹಾಕಲು ಅದರ ಮೇಲೆ ಸಣ್ಣ ಕಣ್ಣಿನ ಹೊದಿಕೆ ಬಲೆ ಹಾಕುತ್ತಾರೆ. ತಪ್ಪಿಸಿಕೊಂಡದ್ದು ಅದರಲ್ಲಿ ಸಿಗಬೇಕು. ನಮಗೆ ಹೊದಿಕೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಒಂದು ದಿನ ಬಲೆ ಮೇಲೆ ಬಂದಾಗ ವಿಜ್ಞಾನಿ ಮೇಡಂ ಡೆಕ್ಕಿನ ಮೇಲೆ ಕೂತು ಎರಡು ಬಲೆಯ ನಡುವೆ ಬೆರಳು ತೂರಿಸಿ ನೋಡಿದರು. ಬೆರಳೇ ಹೋಗಲಿಲ್ಲ. ಹೊದಿಕೆ ಚೀಲಕ್ಕೆ ಅಂಟಿಕೊಂಡುಬಿಟ್ಟಿತ್ತು. ನಡುವೆ ರಾಣಿ ಮರಿಗಳು ಹುರುಪೆ ಕಿತ್ತುಹೋಗಿ, ಒತ್ತಿ ಒಣಗಿಸಿದ ಎಲೆಯ ಹಾಗೆ ಚಪ್ಪಟೆ ಆಗಿದ್ದವು. ಕಣ್ಣು ತೆರೆದಿದ್ದರೇನು, ಹೊರಗಿನಿಂದ ಬಾಗಿಲು ಮುಚ್ಚಿತ್ತು. ಅಷ್ಟು ದಿನದ ಅಂಕಿ ಎಲ್ಲ ಕಸದ ಬುಟ್ಟಿಗೆ.

ಆಮೇಲೆ ಪಿವಿಸಿ ಪೈಪನ್ನು ಬಳೆ ಮಾಡಿ ಹೊದಿಕೆಯೊಳಗೆ ಕಟ್ಟಿದೆವು. ಎರಡನೇ ಸಲ ಎಳೆಯುವಾಗಲೇ ಒಡೆದು ಚೂರಾಯಿತು. ಕಬ್ಬಿಣದ ಬಳೆ ಹಾಕಿದರೆ ಹುಡುಗರ ಕೈ ಕಾಲಿಗೆ ಅಪಾಯ. ಕೊನೆಗೆ ಹೊದಿಕೆಯ ಮೇಲ್ಭಾಗಕ್ಕೆ ಫ್ಲೋಟು, ಕೆಳಭಾಗಕ್ಕೆ ಹಗುರ ಸರಪಳಿ ತುಂಡು ಕಟ್ಟಿದೆ. ಹೊದಿಕೆಯನ್ನು ಚೀಲಕ್ಕಿಂತ ಒಂದೂವರೆ ಪಟ್ಟು ಅಗಲ ಮಾಡಿಸಿದೆ. ಮೇಲೆ ಕೆಳಗೆ ಚೆನ್ನಾಗಿ ತೆರೆಯಿತು. ಎಡ ಬಲಕ್ಕೆ ಹೇಗೆ ತೆರೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದರಿಗೆ ಬಂದವರಿಗೆ ತೋರಿಸುತ್ತೇನೆ. ವಿಜ್ಞಾನಿಗಳೇ ಅದರ ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ಬಲೆಗಿಂತ ಕಷ್ಟ ಆದದ್ದು ಹುಡುಗರ ದುಡ್ಡು. ಪೇಪರಿನಲ್ಲಿ ಬರೆಯುವವರು ಇದನ್ನು ಹೇಳುವುದೇ ಇಲ್ಲ. ನಮ್ಮ ಬೋಟಿನಲ್ಲಿ ಫಿಶ್ ಮಿಲ್ಲಿನ ದುಡ್ಡು ತಾಂಡೇಲನಿಗೂ ಕಲಾಸಿಗಳಿಗೂ (ಬೋಟಿನ ಕೆಲಸದ ಹುಡುಗರಿಗೂ) ಸೇರಿದ್ದು. ಟ್ರಿಪ್ಪಿಗೆ ನಲವತ್ತು ಐವತ್ತು ಸಾವಿರ ಆಗುತ್ತಿತ್ತು. ಹೊಸ ಚೀಲ ಹಾಕಿದರೆ ಅದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಾಂಡೇಲ ಮುಖಕ್ಕೇ ಹೇಳಿದ, "ಅಣ್ಣ, ಮೀನು ಉಳಿಸುವುದು ಒಳ್ಳೆಯದೇ. ಆದ್ರೆ ಅದು ನಮ್ಮ ಹೊಟ್ಟೆ ಮೇಲೆ ಯಾಕೆ?" ಅವನ ಮಾತು ನ್ಯಾಯವಾದದ್ದೇ. ಅದಕ್ಕೆ ಟ್ರಿಪ್ಪಿಗೆ ಇಷ್ಟು ಅಂತ ಗೊತ್ತು ಮಾಡಿ, ಕಸದ ಮೀನು ಬರಲಿ ಬಿಡಲಿ, ಮೊದಲ ವರ್ಷ ಆ ದುಡ್ಡು ಕೈಯಿಂದ ಕೊಟ್ಟೆ. ಒಟ್ಟು ಎರಡು ಲಕ್ಷದ ಮೇಲೆ ಹೋಯಿತು. ಪ್ರಾಜೆಕ್ಟಿನಿಂದ ಸ್ಯಾಂಪಲ್ಲಿಗೆ ಅಂತ ಬರಬೇಕಾದ ದುಡ್ಡು ಬಂದದ್ದು ಮುಂದಿನ ಸೀಸನ್ನಿನಲ್ಲಿ. ಅದೂ ಐಸ್ ಮತ್ತು ರಿಕ್ಷಾ ಬಾಡಿಗೆಗೆ ಸರಿ ಹೋಯಿತು ಅಷ್ಟೆ.

ಲಾಭ ಎಲ್ಲಿ ಬಂತು ಅಂದರೆ, ನಾವು ನೋಡದೇ ಇದ್ದ ಜಾಗದಲ್ಲಿ. ಚೀಲ ಹಗುರ ಆದ್ದರಿಂದ ಎಂಜಿನ್ನಿಗೆ ಭಾರ ಕಡಿಮೆ. ಡೀಸೆಲ್ ಟ್ರಿಪ್ಪಿಗೆ ಇನ್ನೂರು ಇನ್ನೂರೈವತ್ತು ಲೀಟರ್ ಉಳಿಯಿತು ಅಂತ ನನ್ನ ಅಂದಾಜು. ಡೆಕ್ಕಿನ ಮೇಲೆ ಮೀನು ಆರಿಸುವ ಕೆಲಸ ಪ್ರತಿ ಸಲ ಅರ್ಧ ಗಂಟೆ ಕಡಿಮೆ, ಹುಡುಗರಿಗೆ ಅಷ್ಟು ನಿದ್ದೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ತಂದದ್ದು ಬೊಂಡಾಸ್. ಮೊದಲು ಕಸದ ಮೀನಿನ ಅಡಿ ಸಿಕ್ಕಿ ಅದರ ಚರ್ಮ ಸುಲಿದು ಕೆಂಪಾಗುತ್ತಿತ್ತು. ಈಗ ಬಿಳಿಯಾಗಿ, ಹೊಳಪಾಗಿ ಬರುತ್ತದೆ. ಹರಾಜಿನಲ್ಲಿ ಕೆಜಿಗೆ ಹದಿನೈದು ಇಪ್ಪತ್ತು ರೂಪಾಯಿ ಮೇಲೆ ಸಿಗುತ್ತದೆ. ಎರಡನೇ ವರ್ಷದಿಂದ ಆ ಹೆಚ್ಚಿನ ದುಡ್ಡಿನಲ್ಲಿ ಹುಡುಗರಿಗೆ ಪಾಲು ಇಟ್ಟೆ. ಆಮೇಲೆ ಯಾರೂ ಹಳೆ ಚೀಲ ಕೇಳಲಿಲ್ಲ.

ನಷ್ಟವೂ ಇದೆ. ಸಣ್ಣ ಬೊಂಡಾಸ್ ಸ್ವಲ್ಪ ಹೋಗುತ್ತದೆ, ಅದಕ್ಕೆ ಮಾರುಕಟ್ಟೆ ಇದೆ. ನಂಗ್‌ನಂತಹ ಚಪ್ಪಟೆ ಮೀನಿನ ಮರಿ ತಪ್ಪಿಸಿಕೊಳ್ಳಲು ಚೌಕ ಕಣ್ಣು ಅಷ್ಟು ಒಗ್ಗುವುದಿಲ್ಲ. ಗಂಟು ಇರುವ ಮಾಮೂಲಿ ಬಲೆಯನ್ನೇ ಓರೆಯಾಗಿ ಕತ್ತರಿಸಿ ಚೌಕ ಮಾಡಿದರೆ ಒಂದೆರಡು ಟ್ರಿಪ್ಪಿನಲ್ಲಿ ಗಂಟು ಜಾರಿ ಕಣ್ಣು ಸೊಟ್ಟ ಆಗುತ್ತದೆ. ಗಂಟಿಲ್ಲದ ಬಲೆಯೇ ತನ್ನಿ, ದುಬಾರಿ ಆದರೂ ಸರಿ. ನಾವು ಬಿಟ್ಟ ಮರಿಯನ್ನು ಹಿಂದೆ ಬರುವ ಬೋಟು ಹಿಡಿಯುತ್ತದೆ ಎಂಬ ಮಾತೂ ನಿಜ. ಅದಕ್ಕೆ ನನ್ನ ಒಬ್ಬನ ಬೋಟಿನಲ್ಲಿ ಉತ್ತರ ಇಲ್ಲ, ಎಲ್ಲರೂ ಹಾಕಬೇಕು.

ನಡುವೆ ಒಂದು ಪ್ರಯೋಗ ನಾನೇ ಮಾಡಿದೆ. ಜನವರಿಯಲ್ಲಿ ನೀರು ತಿಳಿಯಾಗಿದ್ದಾಗ, ಹದಿನೈದು ಮಾರು ಆಳದಲ್ಲಿ, ಚೀಲದ ಮುಂದೆ ಒಂದು ಸಣ್ಣ ಕ್ಯಾಮೆರಾ ಕಟ್ಟಿ ಬಿಟ್ಟೆ. ಮೊದಲನೆಯದು ನೀರು ತುಂಬಿ ಹೋಯಿತು, ಹನ್ನೆರಡು ಸಾವಿರ ರೂಪಾಯಿ. ಎರಡನೆಯದರಲ್ಲಿ ಕಂಡಿತು. ಎಳೆಯುವಾಗ ರಾಣಿ ಮರಿಗಳು ಚೀಲದೊಳಗೆ ಬಲೆಯ ಜೊತೆಜೊತೆಗೇ ಈಜುತ್ತವೆ, ಕಣ್ಣಿನ ಕಡೆ ತಿರುಗುವುದೇ ಕಡಿಮೆ. ಬೋಟು ನಿಧಾನ ಆದ ಕೂಡಲೇ ಪಕ್ಕಕ್ಕೆ ತಿರುಗಿ ದಬದಬ ಹೊರಗೆ. ಮೇಡಂ ಅದನ್ನು ಹತ್ತು ಸಲ ಹಾಕಿಸಿ ನೋಡಿದರು. ಈಗ ವಿಂಚ್ ಹಾಕುವ ಮೊದಲು ತಾಂಡೇಲ ಸ್ವಲ್ಪ ಹೊತ್ತು ಸ್ಲೋ ಕೊಡುತ್ತಾನೆ. ಎಷ್ಟು ಹೊತ್ತು ಅನ್ನುವುದು ನಮ್ಮ ಬೋಟಿನ ಲೆಕ್ಕ. ಹೆಚ್ಚಾದರೆ ಬೊಂಡಾಸೂ ಹೋಗುತ್ತದೆ.

ಸ್ಯಾಂಪಲ್ ವಿಷಯಕ್ಕೆ ಎರಡು ಮಾತು. ಆರಿಸುವ ಮೊದಲೇ ಒಂದು ಬುಟ್ಟಿ ತುಂಬಿ ಐಸಿಗೆ ಹಾಕಿ. ಚೀಟಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿಹೋಗುತ್ತದೆ. ಜಿಪಿಎಸ್ ಪಾಯಿಂಟು ಕೊಡಲು ನಮ್ಮ ತಾಂಡೇಲ ಒಪ್ಪಲಿಲ್ಲ. ಅದು ಅವನ ಜೀವಮಾನದ ಆಸ್ತಿ, ಕೊಡಬಾರದು ಕೂಡ. ಕೊನೆಗೆ ಸುಮಾರು ಹತ್ತು ಕಿಲೋಮೀಟರಿನ ಚೌಕ ಮತ್ತು ಆಳ ಎಷ್ಟು ಮಾರು, ಇಷ್ಟೇ ಬರೆದು ಕೊಡುವುದು ಅಂತ ಮಾತಾಯಿತು. ಅವರ ನಕ್ಷೆಗೆ ಅಷ್ಟು ಸಾಕಾಯಿತು.

ಬರುವ ಸೀಸನ್ನಿಗೆ ಸಿಗಡಿ ಬಲೆಯಲ್ಲೂ ನೋಡೋಣ ಅಂತ ಕೇಳಿದ್ದಾರೆ. ಆಮೆ ತಪ್ಪಿಸಿಕೊಳ್ಳುವ ಸಾಧನ ಬಲೆಯಲ್ಲಿಲ್ಲ ಅಂತ 2019ರಲ್ಲಿ ಅಮೆರಿಕ ನಮ್ಮ ಸಮುದ್ರದ ಸಿಗಡಿಯನ್ನು ನಿಲ್ಲಿಸಿದ ಮೇಲೆ ಅದನ್ನೂ ಜೊತೆಗೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೆರಡು ಬೋಟು ಬೇಕಂತೆ. ಬರುವವರಿಗೆ ನಾನು ಹೇಳುವುದು: ಸ್ಯಾಂಪಲ್ ದುಡ್ಡು ಮುಂಗಡ ಕೇಳಿ, ಹುಡುಗರ ಪಾಲು ಮೊದಲೇ ಮಾತಾಡಿ, ಫಲಿತಾಂಶ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬೇಕು ಅನ್ನಿ. ಅದೂ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುವ ಮೊದಲು, ಬಲೆ ಹೊಲಿಯುವ ಹೊತ್ತಿಗೆ ಕೈಗೆ ಬರಬೇಕು.