ಹಳೇ ಕಾರಿನ ಕೂಲಂಟ್ ಟೆಂಪರೇಚರ್ ಸೆನ್ಸರ್: ಮೊದ್ಲು ಟೆಸ್ಟ್ ಮಾಡಿ, ಆಮೇಲೆ ಬದಲಾಯಿಸಿ

ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಗಾಡಿ ಸತಾಯಿಸತ್ತೆ, ಸ್ಟಾರ್ಟ್ ಆದ್ರೂ ಐಡ್ಲಿಂಗ್ ನಿಲ್ಲಲ್ಲ, ಇಂಜಿನ್ ಬಿಸಿ ಆದ್ಮೇಲೂ ಸೈಲೆನ್ಸರಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಅಂತೂ ಕೇಳೋದೇ ಬೇಡ. ಇದ್ರಲ್ಲಿ ಎರಡು ಮೂರು ಒಟ್ಟಿಗೆ ಕಂಡ್ರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಮೇಲೆ ಒಂದು ಕಣ್ಣು ಹಾಕಿ. ಇಂಜಿನ್ ಎಷ್ಟು ಬಿಸಿ ಇದೆ ಅಂತ ಇಸಿಯುಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರಿಗೆ, ಹೇಳೋದು ಇದೇ. ಬಿಸಿ ಇರೋ ಇಂಜಿನ್ನ ತಣ್ಣಗಿದೆ ಅಂತ ಸುಳ್ಳು ಹೇಳಿದ್ರೆ ಇಸಿಯು ಅದನ್ನೇ ನಂಬ್ಕೊಂಡು ಪೆಟ್ರೋಲ್ ಸುರೀತಾನೇ ಇರತ್ತೆ, ತಣ್ಣಗಿರೋದನ್ನ ಬಿಸಿ ಅಂದ್ರೆ ಬೆಳಿಗ್ಗೆ ಬೇಕಾದಷ್ಟು ಪೆಟ್ರೋಲ್ ಸಿಗದೆ ಗಾಡಿ ಏಳೋದೇ ಇಲ್ಲ.

ಇಸಿಯು ಬರೆದಿಟ್ಟ ಎರರ್ ಕೋಡ್ ಓದೋ ಸ್ಕ್ಯಾನರ್ ಹಾಕಿದ್ರೆ ಪಿ0117 ಅಥವಾ ಪಿ0118 ಬರಬಹುದು. ಕೋಡ್ ನೋಡಿದ್ ತಕ್ಷಣ ಹೊಸ ಸೆನ್ಸರ್ ತಂದು ಹಾಕೋರೇ ಜಾಸ್ತಿ, ಆದ್ರೆ ಆ ಕೋಡ್ ಹೇಳೋದು ಸರ್ಕ್ಯೂಟಲ್ಲಿ ವೋಲ್ಟೇಜ್ ತೀರಾ ಕಮ್ಮಿ ಇದೆ ಅಥವಾ ತೀರಾ ಜಾಸ್ತಿ ಇದೆ ಅಂತ ಅಷ್ಟೆ, ಸೆನ್ಸರ್ರೇ ಹೋಗಿದೆ ಅಂತ ಅಲ್ಲ. ಹಳೇ ಗಾಡೀಲಿ ವೈರ್ ಒಣಗಿ ಬಿರುಕು ಬಿಟ್ಟಿರತ್ತೆ, ಕನೆಕ್ಟರ್ ಒಳಗೆ ಹಸಿರು ಕಿಲುಬು ಕೂತಿರತ್ತೆ. ಪಿ0128 ಅಂದ್ರೆ ಕೂಲಂಟ್ ಬೇಕಾದಷ್ಟು ಬಿಸಿ ಆಗ್ತಿಲ್ಲ ಅಂತ, ಅದು ಬಂದಿದ್ರೆ ಮೊದ್ಲು ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋ ತನಕ ಕೂಲಂಟನ್ನ ರೇಡಿಯೇಟರಿಗೆ ಬಿಡದ ವಾಲ್ವ್) ನೋಡಿ.

ರಾತ್ರಿ ಪೂರ್ತಿ ನಿಂತಿರೋ ಗಾಡೀಲಿ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ಲೈವ್ ಡೇಟಾ ನೋಡಿ. ಕೂಲಂಟ್ ಟೆಂಪರೇಚರ್ರೂ ಇಂಟೇಕ್ ಗಾಳಿ ಟೆಂಪರೇಚರ್ರೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ತುಂಬಾ ವ್ಯತ್ಯಾಸ ಇದ್ರೆ ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಈಗ ಸೆನ್ಸರ್ ಕನೆಕ್ಟರ್ ತೆಗೀರಿ, ಸ್ಕ್ಯಾನರಲ್ಲಿ ಮೈನಸ್ 40 ಡಿಗ್ರಿ ಹತ್ರ ತೋರಿಸ್ಬೇಕು. ಕನೆಕ್ಟರಿನ ಎರಡೂ ಪಿನ್ನಿಗೆ ಒಂದು ಸಣ್ಣ ವೈರ್ ತುಂಡು ಸೇರಿಸಿದ್ರೆ 120 ದಾಟಿ ಮೇಲಕ್ಕೆ ಓಡ್ಬೇಕು. ಎರಡೂ ಹಂಗೇ ಆದ್ರೆ ವೈರಿಂಗ್ ಸರಿ ಇದೆ, ಕಳ್ಳ ಸೆನ್ಸರ್ರೇ. ಕದಲದೇ ಇದ್ರೆ ವೈರ್ ಹಿಡ್ಕೊಂಡು ಹುಡುಕಿ. ಕೆಲವು ಗಾಡೀಲಿ ಇಸಿಯು ಕನೆಕ್ಟರ್ ತೆಗೆದ ಕೂಡ್ಲೇ ತಾನೇ ಒಂದು ಅಂದಾಜು ನಂಬರ್ ಹಾಕ್ಕೊಂಡು ಕೂರತ್ತೆ, ಅಂಥ ಕಡೆ ಮಲ್ಟಿಮೀಟರ್ರೇ ಗತಿ: ಇಗ್ನಿಷನ್ ಆನ್ ಇದ್ದಾಗ ಕನೆಕ್ಟರಲ್ಲಿ 5 ವೋಲ್ಟ್ ಬರ್ತಿರ್ಬೇಕು.

ಸ್ಕ್ಯಾನರ್ ಇಲ್ವಾ, ಇಂಜಿನ್ ತಣ್ಣಗಿದ್ದಾಗ ಸೆನ್ಸರ್ ಬಿಚ್ಚಿ ತುದೀನ ತಣ್ಣೀರಲ್ಲಿ ಅದ್ದಿ, ನೀರು ಕಾಯಿಸ್ತಾ ಮಲ್ಟಿಮೀಟರಲ್ಲಿ ಓಮ್ ನೋಡಿ. ಬಹಳಷ್ಟು ಗಾಡೀಲಿ 20 ಡಿಗ್ರಿಗೆ 2000ದಿಂದ 3000 ಓಮ್, 80 ಡಿಗ್ರಿಗೆ 300ರ ಆಸುಪಾಸು, ನಿಮ್ ಗಾಡೀದು ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ನೋಡ್ಕೊಳಿ. ನನ್ ಪ್ರಕಾರ ನಂಬರಿಗಿಂತ ಮುಖ್ಯ ಅದು ಹೆಂಗೆ ಇಳಿಯತ್ತೆ ಅನ್ನೋದು. ನೀರು ಬಿಸಿ ಆಗ್ತಾ ಆಗ್ತಾ ಓಮ್ ನಿಧಾನಕ್ಕೆ ಇಳೀಬೇಕು, ಮಧ್ಯದಲ್ಲಿ ಜಿಗಿದ್ರೆ ಅಥವಾ ಒಂದೇ ಕಡೆ ನಿಂತ್ರೆ ಸೆನ್ಸರ್ ಕಥೆ ಮುಗೀತು.

ಬದಲಾಯಿಸೋದು ಸುಲಭ, ಇಂಜಿನ್ ಪೂರ್ತಿ ತಣ್ಣಗಾಗಿದ್ರೆ ಮಾತ್ರ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಿದ್ರೆ ಕುದಿಯೋ ಕೂಲಂಟ್ ಮುಖಕ್ಕೇ ಚಿಮ್ಮತ್ತೆ. ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹೌಸಿಂಗ್ ಹತ್ರ ಇರತ್ತೆ. ಅಲ್ಲಿ ಎರಡು ಕಂಡ್ರೆ ಗಾಬರಿ ಬೇಡ, ಒಂದೇ ವೈರ್ ಇರೋದು ಹೆಚ್ಚಾಗಿ ಡ್ಯಾಶ್‌ಬೋರ್ಡ್ ಮೀಟರಿಗೆ, ಎರಡು ವೈರ್ ಇರೋದು ಇಸಿಯುಗೆ. ಬ್ಯಾಟರಿ ನೆಗೆಟಿವ್ ತೆಗೀರಿ. ಕನೆಕ್ಟರ್ ಲಾಕ್ ವಯಸ್ಸಾಗಿ ಗಟ್ಟಿ ಆಗಿರತ್ತೆ, ವೈರ್ ಹಿಡ್ದು ಎಳೀಬೇಡಿ, ಸಣ್ಣ ಸ್ಕ್ರೂಡ್ರೈವರಲ್ಲಿ ಲಾಕ್ ಮೆಲ್ಲಗೆ ಎತ್ತಿ ಕನೆಕ್ಟರ್ ಮೈ ಹಿಡ್ದು ಅಲ್ಲಾಡಿಸ್ತಾ ತೆಗೀರಿ, ಇಲ್ಲಾಂದ್ರೆ ಸೆನ್ಸರ್ ಜೊತೆ ಕನೆಕ್ಟರ್ ಖರ್ಚೂ ಬೀಳತ್ತೆ. ಕೆಳಗೆ ಪಾತ್ರೆ ಇಟ್ಟು ಸ್ವಲ್ಪ ಕೂಲಂಟ್ ಇಳ್ಸಿ, ಡೀಪ್ ಸಾಕೆಟ್ ಹಾಕಿ ಬಿಚ್ಚಿ. ಹಳೇ ವಾಷರ್ ಅಥವಾ ಓ ರಿಂಗ್ ಒಳಗೇ ಅಂಟ್ಕೊಂಡಿರತ್ತೆ, ಅದನ್ನ ತೆಗೀದೆ ಹೊಸದು ಕೂರ್ಸಿದ್ರೆ ಲೀಕ್ ಗ್ಯಾರಂಟಿ. ಹೊಸ ಸೆನ್ಸರ್ ಮೊದ್ಲು ಕೈಯಲ್ಲೇ ತಿರುಗ್ಸಿ. ಹಿತ್ತಾಳೆ ಥ್ರೆಡ್ಡು, ಹೌಸಿಂಗ್ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಶಕ್ತಿ ತೋರ್ಸೋಕೆ ಹೋದ್ರೆ ಹೌಸಿಂಗ್ಗೇ ಕುತ್ತು.

ಚೆಲ್ಲಿದ ಕೂಲಂಟ್ ನೀರು ಹಾಕಿ ತೊಳೀರಿ, ಸಿಹಿ ಇರತ್ತೆ ಅಂತ ನಾಯಿ ಬೆಕ್ಕು ನೆಕ್ತವೆ, ಅದು ವಿಷ. ಅದೇ ಬಗೆ ಕೂಲಂಟ್ ತುಂಬ್ಸಿ ಏರ್ ತೆಗೀರಿ, ಸೆನ್ಸರ್ ತುದೀಲಿ ಗಾಳಿ ಗುಳ್ಳೆ ಸಿಕ್ಕಾಕೊಂಡ್ರೆ ಹೊಸ ಸೆನ್ಸರ್ರೂ ತಪ್ಪೇ ತೋರ್ಸತ್ತೆ. ಕೋಡ್ ಅಳ್ಸಿ, ಫ್ಯಾನ್ ಒಂದ್ಸಲ ಆನ್ ಆಗಿ ಆಫ್ ಆಗೋ ತನಕ ಓಡ್ಸಿ. ಇಷ್ಟಾದ್ಮೇಲೂ ಕಪ್ಪು ಹೊಗೆ ನಿಲ್ದೇ ಇದ್ರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ನೋಡಿ, ಮುಂದಿನ ಅನುಮಾನ ಆಕ್ಸಿಜನ್ ಸೆನ್ಸರ್ ಮೇಲೆ.