ಮ್ಯೂಸಿಯಂ ಆದ ಮಹಲು: ಹೋಗುವ ಮುಂಚೆ, ಹೋದ ಮೇಲೆ

ಬಿಳಿ ಗೋಡೆಯ ಮ್ಯೂಸಿಯಂನಲ್ಲಿ ಒಂದೊಂದೇ ಚಿತ್ರ ನೋಡುತ್ತಾ ಸಾಗಬಹುದು. ಶ್ರೀಮಂತರೊಬ್ಬರು ಬಾಳಿದ ಮಹಲಿನಲ್ಲಿ ಹಾಗೆ ಮಾಡಿದರೆ ಅರ್ಧ ಕೈತಪ್ಪುತ್ತದೆ. ಚಿತ್ರ, ಕುರ್ಚಿ, ಅಗ್ಗಿಷ್ಟಿಕೆ, ಕಿಟಕಿ ಎಲ್ಲವನ್ನೂ ಅಲ್ಲಿ ಒಬ್ಬರೇ ಜೋಡಿಸಿಟ್ಟಿರುತ್ತಾರೆ. ನೋಡಬೇಕಾದದ್ದು ಆ ಜೋಡಣೆಯನ್ನು.

ಟಿಕೆಟ್ ಮೊದಲೇ ಮಾಡಿಸಿ. ಕೋಣೆಗಳು ಚಿಕ್ಕವು, ಒಮ್ಮೆಗೆ ಒಳಬಿಡುವ ಜನ ಕಡಿಮೆ. ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿ ಸಿಗುವುದು ಎರಡೇ ಗಂಟೆ. ತಡವಾಗಿ ಹೋದರೆ ನಷ್ಟ ನಿಮ್ಮದೇ. ನ್ಯೂಯಾರ್ಕ್‌ನಲ್ಲಿ ಉದ್ಯಮಿ ಹೆನ್ರಿ ಫ್ರಿಕ್ ಬಾಳಿದ ಮಹಲಾದ ಫ್ರಿಕ್ ಸಂಗ್ರಹದಲ್ಲಿ 10 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಫೋಟೋ ನಿಯಮ, ಲಿಫ್ಟ್ ಇದೆಯೇ ಎಂಬುದನ್ನೂ ಆಗಲೇ ವಿಚಾರಿಸಿ. ಹಳೆಯ ಮೆಟ್ಟಿಲುಗಳು ಎಲ್ಲರ ಮಂಡಿಗೂ ಆಗಿಬರುವುದಿಲ್ಲ.

ಬೆನ್ನಚೀಲ ಬೇಡವೇ ಬೇಡ. ಇಕ್ಕಟ್ಟಿನ ಕೋಣೆಯಲ್ಲಿ ತಟಕ್ಕನೆ ತಿರುಗಿದರೆ ಬೆನ್ನ ಹಿಂದಿನ ಪಿಂಗಾಣಿ ಹೂದಾನಿ ನಿಮಗೆ ಕಾಣುವುದಿಲ್ಲ, ಚೀಲಕ್ಕೆ ತಗಲುತ್ತದೆ. ಅದನ್ನು ಬಾಗಿಲಲ್ಲೇ ಒಪ್ಪಿಸಿಬಿಡಿ.

ಒಳಗೆ ಮಬ್ಬು ಎಂದು ಬೇಸರಿಸಬೇಡಿ. ಜಲವರ್ಣ, ಮುದ್ರಣಚಿತ್ರ, ಬಟ್ಟೆಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ತೈಲವರ್ಣಕ್ಕೆ ಸುಮಾರು 200 ಲಕ್ಸ್ ಬೆಳಕು ಸಾಕೆಂಬುದು ಸಂರಕ್ಷಕರ ಸಾಮಾನ್ಯ ಲೆಕ್ಕ. ಬೆಳಕಿಗೆ ಮಾಸಿದ ಬಣ್ಣ ಮರಳಿ ಬಾರದು. ಬಿಸಿಲಿನಿಂದ ಬಂದವರು ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ವಾರ್ನಿಷ್ ಮೇಲೆ ಕಿಟಕಿ ಹೊಳೆದು ಚಿತ್ರ ಕಾಣದಿದ್ದರೆ ಮುಂದೆ ಹೋಗಬೇಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲವೇ ಮಂಡಿ ಕೊಂಚ ಬಗ್ಗಿಸಿ.

ಪ್ರತಿ ಕೋಣೆಯಲ್ಲೂ ಮೊದಲು ಹೊಸ್ತಿಲ ಬಳಿ, ದಾರಿಗೆ ಅಡ್ಡವಾಗದಂತೆ ನಿಲ್ಲಿ. ಯಾವ ಚಿತ್ರ ಯಾವುದಕ್ಕೆ ಎದುರು, ಯಾವುದು ಯಾವುದರ ಪಕ್ಕ ಎಂದು ಇಡೀ ಗೋಡೆ ನೋಡಿ. ಆಮೇಲೆ ಒಂದೇ ಚಿತ್ರಕ್ಕೆ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು. ಕೊನೆಗೆ ಮತ್ತೆ ಹಿಂದೆ ಸರಿದು ಗೋಡೆ ನೋಡಿ.

ಫ್ರಿಕ್‌ನ ಲಿವಿಂಗ್ ಹಾಲ್‌ನಲ್ಲಿ ಇದರ ಫಲ ಚೆನ್ನಾಗಿ ಸಿಗುತ್ತದೆ. ಅಗ್ಗಿಷ್ಟಿಕೆಯ ಒಂದು ಬದಿಗೆ ಹೋಲ್ಬೈನ್ ಬರೆದ ಥಾಮಸ್ ಮೋರ್, ಇನ್ನೊಂದು ಬದಿಗೆ ಅದೇ ಕಲಾವಿದನ ಥಾಮಸ್ ಕ್ರಾಮ್‌ವೆಲ್. ಇಬ್ಬರೂ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಮಂತ್ರಿಗಳು. 1535ರಲ್ಲಿ ಮೋರ್ ತಲೆ ಹೋದದ್ದರಲ್ಲಿ ಕ್ರಾಮ್‌ವೆಲ್ ಕೈಯಿತ್ತು. 1540ರಲ್ಲಿ ಅವನ ತಲೆಯೂ ಹೋಯಿತು. ಇಬ್ಬರ ನಡುವೆ, ಮೇಲೆ, ಎಲ್ ಗ್ರೆಕೊನ ಸಂತ ಜೆರೋಮ್. ಬಿಡಿಬಿಡಿಯಾಗಿ ನೋಡಿದವರಿಗೆ ಈ ಮುಖಾಮುಖಿ ದಕ್ಕದು.

ಬಾಸ್ಟನ್‌ನಲ್ಲಿ ಕಲಾಸಂಗ್ರಾಹಕಿ ಇಸಾಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ 1903ರಲ್ಲಿ ತೆರೆದ ಮಹಲಿನಲ್ಲಿ ವಿವರಣೆಯ ಚೀಟಿಗಳು ಕಡಿಮೆ. ತಾನು ಇಟ್ಟಂತೆಯೇ ಎಲ್ಲ ಇರಬೇಕೆಂಬುದು ಆಕೆಯ ಉಯಿಲು. ಟಿಷಿಯನ್‌ನ ಯೂರೋಪಾ ಚಿತ್ರದ ಕೆಳಗೆ ಗೋಡೆಗೆ ಹಚ್ಚಿದ ರೇಷ್ಮೆಯನ್ನು ಗಮನಿಸಿ: ಅದು ಆಕೆಯದೇ ಗೌನಿನ ಬಟ್ಟೆ. ಡಚ್ ಕೋಣೆಯ ಖಾಲಿ ಚೌಕಟ್ಟುಗಳನ್ನು ದುರಸ್ತಿ ನಡೆಯುತ್ತಿದೆ ಎಂದುಕೊಂಡು ದಾಟಬೇಡಿ. 1990ರಲ್ಲಿ ಕಳುವಾದ 13 ಕೃತಿಗಳಲ್ಲಿ ಕೆಲವು ಅಲ್ಲಿದ್ದವು.

ಕಾವಲಿಗೆ ನಿಂತವರನ್ನು ಮಾತಾಡಿಸಲು ಹಿಂಜರಿಯಬೇಡಿ. ಲಂಡನ್‌ನಲ್ಲಿ ವಾಸ್ತುಶಿಲ್ಪಿಯೊಬ್ಬರ ಮನೆಯಾಗಿದ್ದ ಸರ್ ಜಾನ್ ಸೋನ್ ಮ್ಯೂಸಿಯಂನ ಚಿತ್ರಕೋಣೆಯ ಗೋಡೆಗಳು ಕೀಲು ಹಾಕಿದ ಬಾಗಿಲುಗಳಂತೆ ತೆರೆಯುತ್ತವೆ. ಒಂದರ ಹಿಂದೊಂದು ಹಲಗೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರ ಆ ಪುಟ್ಟ ಕೋಣೆಯಲ್ಲಿ ಹಿಡಿದಿರುವುದು ಹಾಗೆ. ತೆರೆಯುವವರು ಅಲ್ಲಿನ ಸಿಬ್ಬಂದಿ. ಯಾವಾಗ ತೆರೆಯುತ್ತೀರಿ ಎಂದು ಒಳಹೊಕ್ಕ ಕೂಡಲೇ ಕೇಳಿ, ಉಳಿದ ಕೋಣೆಗಳನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಿ.